ಒಂದೇ ಮೊಳೆಗೆ ತೂಗುಹಾಕಿದ ಬದುಕು: ಅಮೆರಿಕದ ನಡುವಯಸ್ಸಿನ ದುಡಿಯುವ ಜನ



ದುಡಿಮೆಗೂ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ಉಪನ್ಯಾಸದ ಹಿಂದಿರುವ ದತ್ತಿಯ ಆಶಯ. ನಾನು ಆರಿಸಿಕೊಂಡಿರುವ ವಿಷಯ ಅಮೆರಿಕದ್ದು. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಎಡಿಸನ್ನಿಗೋ ಫ್ರೀಮಾಂಟಿಗೋ ಹೋಗಿ ಆರು ತಿಂಗಳು ಇದ್ದು ಬಂದವರು ಈ ಸಭೆಯಲ್ಲಿಯೂ ಇದ್ದೀರಿ. ನೀವು ಕಂಡು ಬಂದದ್ದು ಪದವಿ ಪಡೆದವರ ಅಮೆರಿಕ. ಆ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರಿಗೆ ನಾಲ್ಕು ವರ್ಷದ ಕಾಲೇಜು ಪದವಿ ಇಲ್ಲ. ಟ್ರಕ್ ಓಡಿಸುವವರು, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು, ವೃದ್ಧರ ಮನೆಗಳಲ್ಲಿ ಹಾಸಿಗೆ ಬದಲಿಸುವವರು, ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ ಕೆಲಸ ಮಾಡಿಕೊಂಡಿರುವವರು. ಅವರಲ್ಲಿಯೂ ನಲವತ್ತೈದು ದಾಟಿದವರ ಬಗ್ಗೆ ಇಂದು ಮಾತನಾಡುತ್ತೇನೆ.

2015ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ದಂಪತಿ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಹಿಂದಿನ ತಿಂಗಳಷ್ಟೇ ಡೀಟನ್ನರಿಗೆ ನೊಬೆಲ್ ಬಂದಿತ್ತು. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು, ಅರ್ಥಶಾಸ್ತ್ರಜ್ಞ ಜೀನ್ ಡ್ರೇಜ್ ಅವರ ಜೊತೆಗೂಡಿ ಭಾರತದ ಬಡತನದ ಬಗ್ಗೆ ಬರೆದ ಅದೇ ಡೀಟನ್. ಗಂಡಹೆಂಡತಿ ಕಂಡದ್ದು ಇಷ್ಟು: 45ರಿಂದ 54 ವಯಸ್ಸಿನ ಬಿಳಿಯ ಅಮೆರಿಕನ್ನರ ಸಾವಿನ ಪ್ರಮಾಣ 1978ರಿಂದ 1998ರವರೆಗೆ ವರ್ಷಕ್ಕೆ ಶೇ. 2ರಷ್ಟು ಇಳಿಯುತ್ತ ಬಂದಿತ್ತು. ಫ್ರಾನ್ಸ್, ಜರ್ಮನಿ, ಬ್ರಿಟನ್, ಸ್ವೀಡನ್‌ಗಳಲ್ಲಿ ಆ ಇಳಿಕೆ ಆಮೇಲೂ ನಿಲ್ಲಲಿಲ್ಲ. ಅಮೆರಿಕದಲ್ಲಿ ಮಾತ್ರ 1998ರ ನಂತರ ಗೆರೆ ಮೇಲಕ್ಕೆ ತಿರುಗಿತು. ಹಳೆಯ ವೇಗದಲ್ಲೇ ಇಳಿಕೆ ಮುಂದುವರಿದಿದ್ದರೆ 2013ರ ಹೊತ್ತಿಗೆ ಸುಮಾರು ಐದು ಲಕ್ಷ ಜನ ಬದುಕಿರುತ್ತಿದ್ದರು ಎಂದು ಅವರು ಲೆಕ್ಕ ಹಾಕಿದರು. ಆತ್ಮಹತ್ಯೆ, ಮಾದಕ ವಸ್ತುಗಳ ಅತಿಸೇವನೆ, ಕುಡಿತದಿಂದ ಹಾಳಾದ ಯಕೃತ್ತು, ಈ ಮೂರನ್ನೂ ಒಟ್ಟು ಸೇರಿಸಿ ‘ಹತಾಶೆಯ ಸಾವುಗಳು’ ಎಂದು ಕರೆದರು. 2020ರಲ್ಲಿ ಅವರು ಬರೆದ ಪುಸ್ತಕದ ಹೆಸರಿನಲ್ಲಿಯೂ ಈ ಮಾತಿದೆ.

ಈ ಲೆಕ್ಕವನ್ನು ಎಲ್ಲರೂ ಒಪ್ಪಲಿಲ್ಲ. ಆ ಹತ್ತು ವರ್ಷದ ಗುಂಪಿನೊಳಗೇ ಸರಾಸರಿ ವಯಸ್ಸು ಏರಿತ್ತು, ಅದನ್ನು ಸರಿದೂಗಿಸಿದರೆ ಏರಿಕೆ ಮುಖ್ಯವಾಗಿ ಹೆಂಗಸರಲ್ಲಿ ಕಾಣುತ್ತದೆ, ಗಂಡಸರದು ನಿಂತಲ್ಲೇ ನಿಂತಿದೆ ಎಂದು ಸಂಖ್ಯಾಶಾಸ್ತ್ರಜ್ಞ ಆ್ಯಂಡ್ರೂ ಗೆಲ್ಮನ್ ತೋರಿಸಿದರು. ಆಯಸ್ಸಿನ ಏರಿಕೆ ನಿಲ್ಲಲು ಮಾದಕ ವಸ್ತುಗಳಿಗಿಂತ ಹೃದ್ರೋಗವೇ ದೊಡ್ಡ ಕಾರಣ ಎಂದವರಿದ್ದಾರೆ. ಬಿಳಿಯರ ನೋವು ಮಾತ್ರ ಸುದ್ದಿಯಾಯಿತು ಎಂಬ ಟೀಕೆಯಂತೂ ನ್ಯಾಯವಾದದ್ದು. ಈ ಸಾವುಗಳ ಪ್ರಮಾಣ ಎಲ್ಲರಿಗಿಂತ ಹೆಚ್ಚಿರುವುದು ಅಲ್ಲಿನ ಮೂಲನಿವಾಸಿಗಳಲ್ಲಿ. ಕಪ್ಪು ಜನರಲ್ಲಿಯೂ 2013ರ ಬಳಿಕ ಅದು ಭರದಿಂದ ಏರಿದೆ. ಇಷ್ಟೆಲ್ಲ ತಿದ್ದಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ನಿಂತು ಮುಂದಿನ ಆಯಸ್ಸನ್ನು ಲೆಕ್ಕ ಹಾಕಿದರೆ, 1992ರಲ್ಲಿ ಪದವೀಧರರಿಗೂ ಪದವಿಯಿಲ್ಲದವರಿಗೂ ಇದ್ದ ಅಂತರ ಎರಡೂವರೆ ವರ್ಷ. 2021ರಲ್ಲಿ ಅದು ಎಂಟೂವರೆ ವರ್ಷ. ಒಂದೇ ದೇಶದ ಪ್ರಜೆಗಳ ನಡುವೆ ಒಂದು ಕಾಗದ ಎಂಟೂವರೆ ವರ್ಷದ ಗೋಡೆಯಾಗಿ ನಿಂತಿದೆ.

ಇದು ಹೇಗಾಯಿತು ಎನ್ನುವುದಕ್ಕೆ ನಿಮ್ಮನ್ನು ಒಂದು ಊರಿಗೆ ಕರೆದೊಯ್ಯುತ್ತೇನೆ. ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್. ರಾಕ್ ನದಿಯ ದಡದಲ್ಲಿರುವ, 65 ಸಾವಿರಕ್ಕೂ ಹೆಚ್ಚು ಜನರ ಊರು. ಹೆಸರು ಕೇಳಿರಲಿಕ್ಕಿಲ್ಲ, ಆದರೆ ನಮ್ಮ ತಲೆಮಾರಿನವರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಾಗ ಮಾವನೋ ಚಿಕ್ಕಪ್ಪನೋ ಉಡುಗೊರೆ ಕೊಟ್ಟ ಪಾರ್ಕರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಓಡಾಡಿದವರಿದ್ದಾರೆ. ಆ ಪೆನ್ನು ಹುಟ್ಟಿದ್ದು ಅಲ್ಲಿ, 1888ರಲ್ಲಿ. ಜನರಲ್ ಮೋಟಾರ್ಸ್ ಅಲ್ಲಿ 1919ರಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು, 1923ರಿಂದ ಷೆವರ್ಲೆ ಕಾರು. ಮುಂದೆ ಸುಮಾರು ಎಂಬತ್ತೈದು ವರ್ಷ ಆ ಊರಿನ ಗಡಿಯಾರ ನಡೆದದ್ದು ಕಾರ್ಖಾನೆಯ ಪಾಳಿಯ ಪ್ರಕಾರ. ಹೈಸ್ಕೂಲು ಮುಗಿಸಿದ ಹುಡುಗ ಅಪ್ಪನ ಮಾತಿನ ಮೇಲೆ ಒಳಗೆ ಸೇರುತ್ತಿದ್ದ, ಮೂವತ್ತು ವರ್ಷ ದುಡಿದು ಪಿಂಚಣಿ ಪಡೆದು ಹೊರಗೆ ಬರುತ್ತಿದ್ದ. ಕೊನೆಕೊನೆಗೆ ಗಂಟೆಗೆ 28 ಡಾಲರ್ ಕೂಲಿ. ಸ್ವಂತ ಮನೆ, ಎರಡು ಕಾರು, ಮಕ್ಕಳ ಕಾಲೇಜಿಗೆ ಒಂದಿಷ್ಟು ಉಳಿತಾಯ.

2008ರ ಡಿಸೆಂಬರ್ 23, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಕೊನೆಯ ವಾಹನ, ಒಂದು ಕಪ್ಪು ಟಾಹೋ, ಜೋಡಣೆ ಸಾಲಿನಿಂದ ಇಳಿಯಿತು. ಪತ್ರಕರ್ತೆ ಏಮಿ ಗೋಲ್ಡ್‌ಸ್ಟೀನ್ ಆ ಊರಿನ ಮುಂದಿನ ವರ್ಷಗಳನ್ನು ಹಿಂಬಾಲಿಸಿ 2017ರಲ್ಲಿ ಪುಸ್ತಕ ಬರೆದರು. ಈ ವಿಷಯದಲ್ಲಿ ಒಂದೇ ಪುಸ್ತಕ ಓದುವಷ್ಟು ಸಮಯವಿದ್ದರೆ ವಿದ್ಯಾರ್ಥಿಗಳು ಅದನ್ನು ಓದಲಿ. ಕಾರ್ಖಾನೆಗೆ ಸೀಟು ಒದಗಿಸುತ್ತಿದ್ದ ಘಟಕವೂ ಮುಚ್ಚಿತು. ಪಾರ್ಕರ್ ಪೆನ್ನಿನ ಕೊನೆಯ ಕೆಲಸಗಳೂ ಸ್ವಲ್ಪ ಕಾಲದಲ್ಲೇ ಮೆಕ್ಸಿಕೋಗೆ ಹೋದವು. ಕೆಲವರು ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿದ್ದ ಜನರಲ್ ಮೋಟಾರ್ಸ್‌ನದೇ ಕಾರ್ಖಾನೆಗೆ ವರ್ಗ ಮಾಡಿಸಿಕೊಂಡರು. ನಾಲ್ಕೈದು ಗಂಟೆಯ ಹಾದಿ. ವಾರವಿಡೀ ಅಲ್ಲಿ ಬಾಡಿಗೆ ಕೋಣೆಯಲ್ಲಿದ್ದು ವಾರಾಂತ್ಯಕ್ಕೆ ಮನೆಗೆ ಬರುವುದು, ಮಕ್ಕಳ ಮುಖ ನೋಡಿ ಮತ್ತೆ ಹೊರಡುವುದು. ಪೆನ್ನಿನ ಕಂಪನಿಯ ಸಂಸ್ಥಾಪಕನ ಹೆಸರಿನಲ್ಲಿರುವ ಪಾರ್ಕರ್ ಹೈಸ್ಕೂಲಿನಲ್ಲಿ ಒಬ್ಬ ಸಮಾಜವಿಜ್ಞಾನದ ಶಿಕ್ಷಕಿ ಒಂದು ಕೋಣೆಯನ್ನು ಮೀಸಲಿಟ್ಟು ಅಲ್ಲಿ ಬಳಸಿದ ಪ್ಯಾಂಟು, ಶೂ, ಡಬ್ಬಿಯ ಆಹಾರ, ಶಾಂಪೂ ಕೂಡಿಡತೊಡಗಿದರು. ನಿನ್ನೆಯವರೆಗೆ ಮಧ್ಯಮ ವರ್ಗದವರಾಗಿದ್ದ ಮನೆಗಳ ಮಕ್ಕಳು ಬೇರೆಯವರ ಕಣ್ಣಿಗೆ ಬೀಳದಂತೆ ಅಲ್ಲಿಗೆ ಬಂದು ಬೇಕಾದದ್ದನ್ನು ಒಯ್ಯುತ್ತಿದ್ದರು.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಅದು ಕೊಟ್ಟ ಪರಿಹಾರ ಮರುತರಬೇತಿ. ನಲವತ್ತೈದು ದಾಟಿದ ಗಂಡಸರು, ಹೆಂಗಸರು ಸ್ಥಳೀಯ ತಾಂತ್ರಿಕ ಕಾಲೇಜಿನ ಬೆಂಚಿನಲ್ಲಿ ಕುಳಿತರು. ಕಂಪ್ಯೂಟರ್ ಆನ್ ಮಾಡುವುದನ್ನೇ ಹೊಸದಾಗಿ ಕಲಿಯಬೇಕಾದವರೂ ಅವರಲ್ಲಿದ್ದರು. ಗೋಲ್ಡ್‌ಸ್ಟೀನ್ ಆ ಭಾಗದ ವೇತನ ದಾಖಲೆಗಳನ್ನು ಪರಿಶೀಲಿಸಿದಾಗ ಕಂಡ ಫಲಿತಾಂಶ ನನ್ನನ್ನು ಇಂದಿಗೂ ಕಾಡುತ್ತದೆ: ತರಬೇತಿ ಪಡೆದವರು ಪಡೆಯದವರಿಗಿಂತ ಕಡಿಮೆ ಗಳಿಸುತ್ತಿದ್ದರು, ಅವರಿಗೆ ಸ್ಥಿರವಾದ ಕೆಲಸ ಸಿಕ್ಕ ಪ್ರಮಾಣವೂ ಕಡಿಮೆ. ಕೆಲಸವೇ ಇಲ್ಲದ ಊರಿನಲ್ಲಿ ಕೆಲಸಕ್ಕೆ ತಯಾರು ಮಾಡಿದರೆ ಬೇರೇನಾದೀತು? ಕಾರ್ಖಾನೆ ಮುಚ್ಚಿದಾಗಲೆಲ್ಲ ಕೌಶಲ ಕಲಿಸಿದರಾಯಿತು ಎಂದು ಹೇಳುವ ಅರ್ಥಶಾಸ್ತ್ರಜ್ಞರು, ನನ್ನ ಹಲವು ಗೆಳೆಯರೂ ಅವರಲ್ಲಿದ್ದಾರೆ, ಈ ಊರಿನ ಲೆಕ್ಕಕ್ಕೆ ಉತ್ತರ ಕೊಡಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎರಡನೇ ಮಹಾಯುದ್ಧದ ನಂತರ ಅಮೆರಿಕ ತನ್ನ ದುಡಿಯುವ ಜನರ ಬದುಕನ್ನೆಲ್ಲ ಒಂದೇ ಮೊಳೆಗೆ ತೂಗುಹಾಕಿತು. ನೌಕರಿ ಎಂಬುದು ಆ ಮೊಳೆ. ಆರೋಗ್ಯ ವಿಮೆ, ಪಿಂಚಣಿ, ಯೂನಿಯನ್ನಿನ ಸಭಾಂಗಣ, ಅಲ್ಲಿನ ಗೆಳೆತನ, ಮದುವೆಯಾಗಿ ಸಂಸಾರ ಹೂಡುವ ಧೈರ್ಯ, ಮಗನಿಗೆ ‘ನಾನು ಮಾತಾಡ್ತೀನಿ ಬಾ’ ಎನ್ನುವ ಅಪ್ಪನ ಅಧಿಕಾರ, ಎಲ್ಲವೂ ಅದರ ಮೇಲೆ. 1950ರ ದಶಕದಲ್ಲಿ ನೌಕರರಲ್ಲಿ ಮೂವರಿಗೊಬ್ಬರು ಯೂನಿಯನ್ ಸದಸ್ಯರು. ಇಂದು ಹತ್ತರಲ್ಲಿ ಒಬ್ಬರು, ಖಾಸಗಿ ವಲಯದಲ್ಲಿ ನೂರಕ್ಕೆ ಆರು ಜನ. 2000ದಲ್ಲಿ ಕಾರ್ಖಾನೆಗಳಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 2010ರ ಹೊತ್ತಿಗೆ ಅದು 1 ಕೋಟಿ 15 ಲಕ್ಷ. ಕೆಲಸಗಳು ಚೀನಾಕ್ಕೆ ಹೋದವೋ ಯಂತ್ರಕ್ಕೆ ಹೋದವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆ ಮೊಳೆಯನ್ನು ಯಾವ ಕಾರಣಕ್ಕೆ ಕಿತ್ತರೂ, ಕಿತ್ತಾಗ ಸಂಬಳದ ಜೊತೆಗೆ ಉಳಿದೆಲ್ಲವೂ ನೆಲಕ್ಕೆ ಬಿತ್ತು.

ಇದು ಬರೀ ಊಹೆಯಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯ ಅತೀಂದರ್ ವೆಂಕಟರಮಣಿ ಮತ್ತು ಸಂಗಡಿಗರು ಕಾರು ತಯಾರಿಕೆಯನ್ನು ನೆಚ್ಚಿಕೊಂಡ 112 ಕೌಂಟಿಗಳನ್ನು (ಜಿಲ್ಲೆಯಂಥ ಆಡಳಿತ ಘಟಕಗಳು) ಅಭ್ಯಾಸ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಖಾನೆ ಮುಚ್ಚಿದ ಕೌಂಟಿಗಳಲ್ಲಿ ಐದು ವರ್ಷ ಕಳೆಯುವಷ್ಟರಲ್ಲಿ ಓಪಿಯಾಯ್ಡ್ (ಅಫೀಮು ವರ್ಗದ ನೋವುನಿವಾರಕ) ಅತಿಸೇವನೆಯ ಸಾವು, ಕಾರ್ಖಾನೆ ಉಳಿದಿದ್ದರೆ ನಿರೀಕ್ಷಿಸಬಹುದಾಗಿದ್ದ ಮಟ್ಟಕ್ಕಿಂತ ಶೇ. 85ರಷ್ಟು ಮೇಲಕ್ಕೆ ಹೋಗಿತ್ತು.

ಆದರೆ ಕೆಲಸ ಕಳೆದುಕೊಂಡವರು ಯೂರೋಪಿನಲ್ಲಿಯೂ ಇದ್ದಾರೆ. ಅಲ್ಲಿ ಈ ಪ್ರಮಾಣದಲ್ಲಿ ಜನ ಸಾಯಲಿಲ್ಲ. ಅಮೆರಿಕದಲ್ಲಿ ಹತಾಶೆಗೆ ಔಷಧಿಯ ಚೀಟಿ ಸಿಕ್ಕಿತು. ದುಡಿದ ಮೈಗೆ ನೋವಿತ್ತು, ಆ ನೋವು ನಿಜವಾದದ್ದು. ಅಲ್ಲೀಗ ಮುದುಕರಿಗಿಂತ ನಡುವಯಸ್ಸಿನವರೇ ಹೆಚ್ಚು ಮೈಕೈ ನೋವು ಹೇಳಿಕೊಳ್ಳುತ್ತಾರೆ. 1980ರಲ್ಲಿ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಐದು ವಾಕ್ಯಗಳ ಪತ್ರ, ಆಸ್ಪತ್ರೆಯಲ್ಲಿ ದಾಖಲಾದವರಿಗೆ ಕೊಟ್ಟ ನೋವುನಿವಾರಕಗಳಿಂದ ಚಟ ಹತ್ತುವುದು ಅಪರೂಪ ಎಂದಿತ್ತು. ಮನೆಯಲ್ಲಿ ತಿಂಗಳುಗಟ್ಟಲೆ ನುಂಗುವವರಿಗೂ ಅದೇ ಮಾತು ಅನ್ವಯಿಸುತ್ತದೆಂಬಂತೆ ಆ ಪತ್ರವನ್ನು ನೂರಾರು ಬಾರಿ ಉಲ್ಲೇಖಿಸಿದರು. 1996ರಲ್ಲಿ ಪರ್ಡ್ಯೂ ಫಾರ್ಮಾ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ್ದನ್ನು 2007ರಲ್ಲಿ ಅದರ ಅಂಗಸಂಸ್ಥೆ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು, 60 ಕೋಟಿ ಡಾಲರಿಗೂ ಹೆಚ್ಚು ದಂಡ ಬಿತ್ತು. ಮಾರಾಟ ನಿಲ್ಲಲಿಲ್ಲ.

ಗಣಿ ಕಾರ್ಮಿಕರ ರಾಜ್ಯವಾದ ವೆಸ್ಟ್ ವರ್ಜೀನಿಯಾಕ್ಕೆ ಆರು ವರ್ಷಗಳಲ್ಲಿ ಸಗಟು ವ್ಯಾಪಾರಿಗಳು ಕಳಿಸಿದ ಓಪಿಯಾಯ್ಡ್ ಮಾತ್ರೆಗಳು 78 ಕೋಟಿ. ಅಲ್ಲಿನ ಕರ್ಮಿಟ್ ಎಂಬ ಹಳ್ಳಿಯ ಆಗಿನ ಜನಸಂಖ್ಯೆ 392. ಆ ಹಳ್ಳಿಯ ಒಂದು ಔಷಧಿ ಅಂಗಡಿಗೆ ಎರಡು ವರ್ಷಗಳಲ್ಲಿ ಸುಮಾರು 90 ಲಕ್ಷ ಮಾತ್ರೆ ಬಂದಿಳಿದವು. ಇದನ್ನು ಹೊರಗೆಳೆದವರು ಅಲ್ಲಿನ ಸ್ಥಳೀಯ ಪತ್ರಿಕೆಯ ವರದಿಗಾರ ಎರಿಕ್ ಐರ್. 2017ರಲ್ಲಿ ಅವರಿಗೆ ಪುಲಿಟ್ಜರ್ ಬಂತು. ಮಾತ್ರೆಗೆ ಕಡಿವಾಣ ಬಿದ್ದಾಗ ಚಟ ಹತ್ತಿದವರು ಹೆರಾಯಿನ್‌ಗೆ, ಆಮೇಲೆ ಫೆಂಟನಿಲ್‌ಗೆ ತಿರುಗಿದರು. 1999ರಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರು ಸುಮಾರು 17 ಸಾವಿರ. 2022ರಲ್ಲಿ ಸುಮಾರು 1 ಲಕ್ಷ 8 ಸಾವಿರ.

ಪರಿಹಾರಗಳ ಬಗ್ಗೆ ಮಾತನಾಡುವಾಗ ಮೊದಲು ಪ್ರಾಣ ಉಳಿಸಿದವರನ್ನು ನೆನೆಯಬೇಕು. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ 2016ರ ಆಗಸ್ಟ್ 15ರಂದು ಕೆಲವೇ ಗಂಟೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಅತಿಸೇವನೆಯಿಂದ ಕುಸಿದರು. ಮರುವರ್ಷ ಆ ಊರು ಒಂದು ತಂಡ ಕಟ್ಟಿತು. ಆಂಬುಲೆನ್ಸಿನ ವೈದ್ಯಕೀಯ ಸಿಬ್ಬಂದಿಯೊಬ್ಬರು, ಮಾಮೂಲಿ ಬಟ್ಟೆಯಲ್ಲಿ ಒಬ್ಬ ಪೊಲೀಸ್, ಒಬ್ಬ ಆಪ್ತಸಮಾಲೋಚಕರು, ಆಗಾಗ ಒಬ್ಬ ಪಾದ್ರಿ. ಸಾವಿನ ಬಾಯಿಂದ ಪಾರಾಗಿ ಬಂದವರ ಮನೆಗೆ 72 ಗಂಟೆಗಳೊಳಗೆ ಹೋಗಿ ಬಾಗಿಲು ತಟ್ಟುವುದು ಅವರ ಕೆಲಸ. ಬಂಧಿಸಲು ಬಂದಿಲ್ಲ ಎಂದು ಮೊದಲು ಹೇಳುತ್ತಾರೆ. ಚಿಕಿತ್ಸೆಗೆ ಬರುತ್ತೀರಾ ಎಂದು ಕೇಳುತ್ತಾರೆ. ಬೇಡ ಎಂದರೆ ಉಸಿರು ಮರಳಿಸುವ ನ್ಯಾಲಾಕ್ಸೋನ್ ಸ್ಪ್ರೇ ಕೊಟ್ಟು, ಮತ್ತೆ ಬರುತ್ತೇವೆ ಎಂದು ಹೇಳಿ ಹೋಗುತ್ತಾರೆ. 2023ರಿಂದ ಆ ಸ್ಪ್ರೇ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಚಟ ಬಿಡಿಸುವ ಬ್ಯುಪ್ರೆನಾರ್ಫಿನ್ ಬರೆದುಕೊಡಲು ವೈದ್ಯರಿಗೆ ಬೇಕಿದ್ದ ವಿಶೇಷ ಪರವಾನಗಿಯನ್ನು 2022ರ ಕೊನೆಯಲ್ಲಿ ತೆಗೆದುಹಾಕಿದರು. 2024ರಲ್ಲಿ ಅತಿಸೇವನೆಯ ಸಾವು ಸುಮಾರು 80 ಸಾವಿರಕ್ಕೆ ಇಳಿಯಿತು. ಇಳಿಕೆಗೆ ಇವೇ ಕಾರಣವೆಂದು ಯಾರೂ ಖಚಿತವಾಗಿ ಹೇಳಲಾರರು, ಆದರೆ ಇವು ಪ್ರಾಣ ಉಳಿಸುತ್ತವೆ ಎಂಬುದರಲ್ಲಿ ಸಂಶಯವಿಲ್ಲ. 80 ಸಾವಿರ ಎಂಬುದನ್ನು ನೆಮ್ಮದಿಯ ಸಂಖ್ಯೆ ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಕೂಲಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಸರಳ. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರ ಜುಲೈನಿಂದ ಗಂಟೆಗೆ 7.25 ಡಾಲರ್. ಅಂದಿನಿಂದ ಒಂದು ಸೆಂಟೂ ಏರಿಲ್ಲ. ಬರ್ಕ್‌ಲಿಯ ಸಂಶೋಧಕರ ಲೆಕ್ಕದಂತೆ ಕನಿಷ್ಠ ಕೂಲಿ ಶೇ. 10ರಷ್ಟು ಏರಿದರೆ, ಹೈಸ್ಕೂಲಿಗಿಂತ ಹೆಚ್ಚು ಓದದವರ ಆತ್ಮಹತ್ಯೆಗಳು ಶೇ. 3ರ ಆಸುಪಾಸು ಇಳಿಯುತ್ತವೆ. ಮಾದಕ ವಸ್ತುಗಳ ಸಾವಿನ ಮೇಲೆ ಅದರ ಪರಿಣಾಮ ಕಾಣಲಿಲ್ಲ. ಅಷ್ಟಾದರೂ ಅದು ಸಾವಿರಾರು ಮನೆಗಳ ಮಾತು.

ಜರ್ಮನಿ 2009ರಲ್ಲಿ ಹಿಡಿದದ್ದು ಬೇರೆ ದಾರಿ. ಉತ್ಪಾದನೆ ಕುಸಿದಾಗ ಜನರನ್ನು ತೆಗೆಯದೆ ಕೆಲಸದ ಗಂಟೆ ಕಡಿಮೆ ಮಾಡಿದರು, ಕಳೆದುಕೊಂಡ ಸಂಬಳದ ದೊಡ್ಡ ಪಾಲನ್ನು ಸರ್ಕಾರ ಭರಿಸಿತು. ಒಂದು ಹಂತದಲ್ಲಿ ಸುಮಾರು 15 ಲಕ್ಷ ಜನ ಆ ಯೋಜನೆಯಲ್ಲಿದ್ದರು. ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಅದೇ ವರ್ಷ ಜೇನ್ಸ್‌ವಿಲ್‌ನ ಜನ ತಾಂತ್ರಿಕ ಕಾಲೇಜಿನ ಮುಂದೆ ಸಾಲು ನಿಂತಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರಿಹಾರ ಆರೋಗ್ಯ ವಿಮೆಯನ್ನು ನೌಕರಿಯಿಂದ ಬಿಡಿಸುವುದು. ಕೇಸ್ ಮತ್ತು ಡೀಟನ್ ಕೂಡ ಇದಕ್ಕೇ ಒತ್ತು ಕೊಡುತ್ತಾರೆ. ಸ್ವಲ್ಪ ಬಿಡಿಸಿ ನೋಡೋಣ. ಕಂಪನಿಯ ಮೂಲಕ ಒಂದು ಕುಟುಂಬಕ್ಕೆ ಸಿಗುವ ವಿಮೆಯ ಸರಾಸರಿ ಕಂತು 2024ರಲ್ಲಿ ವರ್ಷಕ್ಕೆ ಸುಮಾರು 25,500 ಡಾಲರ್. ಅದರ ಬಹುಪಾಲನ್ನು ಕಂಪನಿ ಕಟ್ಟುತ್ತದೆ. ಮೂರು ಲಕ್ಷ ಡಾಲರ್ ಸಂಬಳದ ಮ್ಯಾನೇಜರನಿಗೂ ಮೂವತ್ತು ಸಾವಿರ ಡಾಲರಿನ ಕಸ ಗುಡಿಸುವವನಿಗೂ ಕಂತು ಹೆಚ್ಚುಕಡಿಮೆ ಒಂದೇ. ಮ್ಯಾನೇಜರನ ಮಟ್ಟಿಗೆ ಅದು ಚಿಲ್ಲರೆ ಖರ್ಚು. ಕಸ ಗುಡಿಸುವವನ ವಿಷಯದಲ್ಲಿ ಕಂತು ಸಂಬಳದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಕಂಪನಿ ಅವನನ್ನು ತನ್ನ ಪಟ್ಟಿಯಿಂದ ತೆಗೆದು ಗುತ್ತಿಗೆದಾರನ ಕೈಗೆ ಒಪ್ಪಿಸುತ್ತದೆ. ಅದೇ ಕಟ್ಟಡ, ಅದೇ ಪೊರಕೆ, ಅದೇ ಮನುಷ್ಯ. ವಿಮೆ ಇಲ್ಲ, ರಜೆ ಇಲ್ಲ, ಕಂಪನಿಯ ಕ್ರಿಸ್‌ಮಸ್ ಕೂಟಕ್ಕೆ ಕರೆಯೂ ಇಲ್ಲ. ಹಿಂದೆ ಅಂಥ ಕೆಲಸಕ್ಕೆ ಸೇರಿದವನಿಗೆ ಅದೇ ಕಂಪನಿಯಲ್ಲಿ ಮೇಲಕ್ಕೇರುವ ಅವಕಾಶವಾದರೂ ಇತ್ತು. ಈಗ ಆ ಏಣಿಯೂ ಹೋಯಿತು.

ಕೆಲಸ ಹೋದವರು ಹಳೆಯ ವಿಮೆಯನ್ನೇ ಸಾಮಾನ್ಯವಾಗಿ ಹದಿನೆಂಟು ತಿಂಗಳು ಉಳಿಸಿಕೊಳ್ಳಲು ಕೋಬ್ರಾ ಎಂಬ ಕಾನೂನಿದೆ. ಆದರೆ ಪೂರ್ತಿ ಕಂತನ್ನು ಅವರೇ ಕಟ್ಟಬೇಕು, ಅದೂ ಸಂಬಳ ನಿಂತ ತಿಂಗಳಿನಿಂದ. ನಮ್ಮ ಮಕ್ಕಳಿಗೂ ಇದು ಗೊತ್ತು. 2022-23ರಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸಾಮೂಹಿಕವಾಗಿ ಜನರನ್ನು ಕೈಬಿಟ್ಟಾಗ, ಎಚ್-1ಬಿ ವೀಸಾದಲ್ಲಿದ್ದ ಕನ್ನಡಿಗರಿಗೆ ವಿಮೆಯ ಜೊತೆಗೆ ದೇಶದಲ್ಲಿ ಉಳಿಯುವ ಹಕ್ಕೂ ಅಲುಗಿತು. ಹೊಸ ಕೆಲಸ ಹುಡುಕಲು 60 ದಿನ. ಆ ಎರಡು ತಿಂಗಳು ಮೈಸೂರು, ಶಿವಮೊಗ್ಗದ ಮನೆಗಳಲ್ಲಿ ತಂದೆತಾಯಿ ಪಟ್ಟ ಆತಂಕವನ್ನು ನೀವು ಬಲ್ಲಿರಿ. ಜೇನ್ಸ್‌ವಿಲ್‌ನವರಿಗೆ ಮರಳಿ ಹೋಗಲು ಇನ್ನೊಂದು ಊರಿರಲಿಲ್ಲ.

ವಿಮೆಯ ಜೊತೆಗೆ ಚಟ, ಒಂಟಿತನಗಳ ಮಾತೂ ಇದೆ. ಆ ವಿಷಯದಲ್ಲಿ ದುಡಿದವರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರನ್ನು ಹೆಸರಿಸಲೇಬೇಕು. ಎರಡು ಅವಧಿಗೆ ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ವೈದ್ಯಾಧಿಕಾರಿ) ಆಗಿದ್ದವರು. 2016ರಲ್ಲಿ ಅವರು ದೇಶದ 20 ಲಕ್ಷಕ್ಕೂ ಹೆಚ್ಚು ವೈದ್ಯರಿಗೆ ಮತ್ತು ಇತರ ಚಿಕಿತ್ಸಕರಿಗೆ ಪತ್ರ ಬರೆದು ಓಪಿಯಾಯ್ಡ್ ಕೊಡುವುದರಲ್ಲಿ ಎಚ್ಚರವಿರಲಿ ಎಂದರು. ಚಟ ಎಂಬುದು ಕಾಯಿಲೆ, ನಡತೆಗೇಡಿತನವಲ್ಲ ಎಂದು ಆ ಹುದ್ದೆಯಿಂದ ಗಟ್ಟಿಯಾಗಿ ಹೇಳಿದರು. 2023ರಲ್ಲಿ ಒಂಟಿತನವೇ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಅಧಿಕೃತ ಸಲಹಾಪತ್ರ ಹೊರಡಿಸಿದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಒಂಟಿತನಕ್ಕೆ ನೆರೆಹೊರೆಯವರ ಜೊತೆ ಮಾತಾಡಿ ಎಂಬ ಸಲಹೆ ಸಾಲದು. ಎರಡು ಪಾಳಿ ಗುತ್ತಿಗೆ ಕೆಲಸ ಮಾಡುವ, ನಾಳೆಯ ಪಾಳಿ ಎಷ್ಟು ಹೊತ್ತಿಗೆ ಎಂದು ಇಂದು ರಾತ್ರಿ ಫೋನ್ ನೋಡಿ ತಿಳಿಯಬೇಕಾದ ಐವತ್ತರ ಹೆಂಗಸು ಯಾವ ಹೊತ್ತಿನಲ್ಲಿ ಯಾರ ಜೊತೆ ಕೂತು ಮಾತಾಡಬೇಕು?

ಮತ್ತೆ ವಿಮೆಗೆ ಬರೋಣ. ಬಡವರ ಸರ್ಕಾರಿ ವಿಮೆಯ ಹೆಸರು ಮೆಡಿಕೇಡ್. 2014ರಿಂದ ಅದನ್ನು ಹೆಚ್ಚು ಜನರಿಗೆ ವಿಸ್ತರಿಸುವ ಅವಕಾಶ ರಾಜ್ಯಗಳಿಗೆ ಸಿಕ್ಕಿತು. ವಿಸ್ತರಿಸಿದ ರಾಜ್ಯಗಳಲ್ಲಿ 55ರಿಂದ 64ರ ಬಡವರ ಸಾವು ಕಡಿಮೆಯಾದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಅಂದರೆ ನೌಕರಿಯ ಹೊರಗೆ ನಿಂತ ವಿಮೆ ಜೀವ ಉಳಿಸುತ್ತದೆ ಎಂಬುದಕ್ಕೆ ಆ ದೇಶದೊಳಗೇ ಸಾಕ್ಷಿಯಿದೆ. ಇಂದಿಗೂ ಹತ್ತು ರಾಜ್ಯಗಳು ಅದನ್ನು ವಿಸ್ತರಿಸಿಲ್ಲ.

2018ರಲ್ಲಿ ಅರ್ಕನ್ಸಾ ರಾಜ್ಯ ಇದಕ್ಕೊಂದು ಷರತ್ತು ಹಾಕಿತು: ತಿಂಗಳಿಗೆ 80 ಗಂಟೆ ದುಡಿದದ್ದನ್ನು ತೋರಿಸಿದರೆ ಮಾತ್ರ ಮೆಡಿಕೇಡ್. ಮೊದಮೊದಲು ಅದನ್ನು ವೆಬ್‌ಸೈಟಿನಲ್ಲೇ ದಾಖಲಿಸಬೇಕಿತ್ತು. ಆ ವೆಬ್‌ಸೈಟು ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತಿತ್ತು. ಕೆಲವೇ ತಿಂಗಳುಗಳಲ್ಲಿ ಸುಮಾರು 18 ಸಾವಿರ ಜನ ವಿಮೆ ಕಳೆದುಕೊಂಡರು. ನೌಕರಿಯಲ್ಲಿರುವವರ ಸಂಖ್ಯೆ ಏರಲಿಲ್ಲ. ಷರತ್ತಿಗೆ ಒಳಪಟ್ಟವರಲ್ಲಿ ಬಹುತೇಕರು ಆಗಲೇ ದುಡಿಯುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು. 2019ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು. 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಅದೇ 80 ಗಂಟೆಯ ಷರತ್ತನ್ನು ವಿಸ್ತರಿತ ಮೆಡಿಕೇಡ್‌ನ ವಯಸ್ಕರಿಗೆ ದೇಶಾದ್ಯಂತ ತಂದಿದೆ. 2027ರ ಜನವರಿ ಅದರ ಗಡುವು. ನೌಕರಿಯಿಂದ ಬೇರೆಯಾಗಿ ನಿಂತಿದ್ದ ಒಂದು ಆಸರೆಯನ್ನೂ ಈಗ ನೌಕರಿಗೇ ಕಟ್ಟುತ್ತಿದ್ದಾರೆ.

ಈ ಷರತ್ತನ್ನು ಜಾರಿ ಮಾಡಬೇಕಾದವರು ರಾಜ್ಯಗಳ ಅಧಿಕಾರಿಗಳು. ಬಹುಪಾಲು ಕೆಲಸಗಾರರ ವೇತನದ ದಾಖಲೆಗಳು ಅವರದೇ ಕಚೇರಿಗಳಲ್ಲಿ ಇರುತ್ತವೆ. ಆ ದಾಖಲೆಗಳನ್ನು ತಾವೇ ನೋಡಿ ವಿಮೆ ಮುಂದುವರಿಸಬಹುದು. ಹಾಗೆ ಮಾಡದೆ, ಪಾಳಿ ಮುಗಿಸಿ ಬಂದ ಐವತ್ತೆರಡರ ಮನುಷ್ಯನನ್ನು ರಾತ್ರಿ ಫೋನಿನ ಮುಂದೆ ಕೂರಿಸಿ ತಿಂಗಳ ಗಂಟೆಗಳನ್ನು ಎಣಿಸಿ ತುಂಬಿಸು ಎನ್ನಲೂಬಹುದು. ಯಾವ ರಾಜ್ಯ ಯಾವುದನ್ನು ಆರಿಸುತ್ತದೆ ಎಂಬುದರ ಮೇಲೆ ಮುಂದಿನ ಎರಡು ಮೂರು ವರ್ಷಗಳಲ್ಲಿ ಎಷ್ಟು ಜನರ ಚಿಕಿತ್ಸೆ ನಿಲ್ಲುತ್ತದೆ, ಎಷ್ಟು ಜನರ ಬ್ಯುಪ್ರೆನಾರ್ಫಿನ್ ತಪ್ಪುತ್ತದೆ ಎಂಬುದು ತೀರ್ಮಾನವಾಗಲಿದೆ.